ಆ ಮಾತು ಯಾರ ಬಾಯಿಂದ ಬಂತು? ಸತ್ಯವೇದದಲ್ಲಿರುವ ಬರಹದ ಬಗೆಗಳು

"ನಿನ್ನ ಆರಂಭ ಅಲ್ಪವಾಗಿದ್ದರೂ ಅಂತ್ಯ ಬಹಳವಾಗಿ ವೃದ್ಧಿಯಾಗುವುದು." ಅಂಗಡಿ ಪ್ರಾರಂಭೋತ್ಸವದ ಕಾರ್ಡಿನ ಮೇಲೆ, ಗಾಡಿಯ ಹಿಂದಿನ ಗಾಜಿನ ಮೇಲೆ, ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಎತ್ತುವ ವಾಗ್ದಾನದ ಚೀಟಿಯಲ್ಲಿ ಈ ಮಾತು ಸಿಗುತ್ತದೆ. ಕೆಳಗೆ ಯೋಬ 8:7 ಎಂದು ಬರೆದಿರುತ್ತದೆ, ಅಂದರೆ ಸತ್ಯವೇದದ (ಬೈಬಲಿನ) ಯೋಬನ ಪುಸ್ತಕದ ಎಂಟನೇ ಅಧ್ಯಾಯ, ಏಳನೇ ವಚನ. ಆಡಿದವರು ಯಾರೆಂದು ಮಾತ್ರ ಬರೆದಿರುವುದಿಲ್ಲ.

ಆಡಿದವನು ಯೋಬನ ಗೆಳೆಯ ಬಿಲ್ದದ. ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತ ಯೋಬನ ಮುಂದೆ ಅವನು ಮಾತಾಡುತ್ತಿದ್ದಾನೆ. ಮೂರು ವಚನ ಹಿಂದೆ ಹೋಗಿ ಓದಿ: ಮಕ್ಕಳು ಪಾಪ ಮಾಡಿದ್ದಕ್ಕೇ ಸತ್ತರು ಎಂಬ ಅರ್ಥ ಬರುವಂತೆ ಮಾತು ಶುರು ಮಾಡಿದ್ದಾನೆ. ಅದಾದ ಮೇಲೆ, ನೀನಾದರೂ ಶುದ್ಧನಾಗಿದ್ದರೆ ಎಂಬ ಷರತ್ತು. ಆ ಷರತ್ತಿನ ಬಾಲವಾಗಿ ಏಳನೇ ವಚನ. ಪುಸ್ತಕದ ಕೊನೆಗೆ, 42:7ರಲ್ಲಿ, ದೇವರು ಆ ಗೆಳೆಯರಲ್ಲೊಬ್ಬನಾದ ಎಲೀಫಜನನ್ನು ಕರೆದು ನಿನ್ನ ಮೇಲೂ ನಿನ್ನ ಇಬ್ಬರು ಗೆಳೆಯರ ಮೇಲೂ ನನಗೆ ಸಿಟ್ಟಿದೆ, ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಎನ್ನುತ್ತಾನೆ. ದೇವರು ತಪ್ಪು ಎಂದ ಮಾತಿನ ಸರಣಿಯಿಂದ ಒಂದು ಸಾಲು ಕಿತ್ತು ದೇವರ ವಾಗ್ದಾನವೆಂದು ಗೋಡೆಗೆ ಹಾಕಿಕೊಂಡ ಹಾಗಾಯಿತು.

ಯೋಬನ ಪುಸ್ತಕ ಒಂದು ವಾದ. ಮೊದಲೆರಡು ಅಧ್ಯಾಯ ಮತ್ತು ಕೊನೆಯ ಹನ್ನೊಂದು ವಚನ ಗದ್ಯದ ಕಥೆ, ನಡುವಿನದು ಬಹುತೇಕ ಪದ್ಯದಲ್ಲಿ ನಡೆಯುವ ಜಗಳ. ಜಗಳದಲ್ಲಿ ಬರುವ ಎಲ್ಲ ಮಾತೂ ಲೇಖಕನ ತೀರ್ಪಲ್ಲ. ಇದು ತಿಳಿದರೆ 8:7 ತಾನಾಗಿಯೇ ಚೀಟಿಯಿಂದ ಇಳಿಯುತ್ತದೆ. ಸತ್ಯವೇದವನ್ನು ಓದಿಸುವವರು, ಅಂದರೆ ಸಂಡೇ ಸ್ಕೂಲಿನ ಶಿಕ್ಷಕರು, ಮನೆ ಪ್ರಾರ್ಥನಾ ಕೂಟ ನಡೆಸುವವರು, ಯೌವನಸ್ಥರ ಸಂಘದವರು, ಅರ್ಥ ಹೇಳುವ ಮೊದಲು ಮಾಡಬೇಕಾದ ಕೆಲಸ ಇದೇ: ಎದುರಿಗಿರುವುದು ಯಾವ ಬಗೆಯ ಬರಹ, ಯಾರು ಯಾರಿಗೆ ಆಡುತ್ತಿದ್ದಾರೆ ಎಂದು ಗುರುತಿಸುವುದು.

1837ರಲ್ಲಿ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದ ಮೇಲೆ ಬೆಳೆದ ನಮ್ಮ ಭಾಗದ ಸಭೆಗಳಲ್ಲಿ, ಹುಬ್ಬಳ್ಳಿಯಿಂದ ಗದಗ-ಬೆಟಗೇರಿಯವರೆಗೆ, ಓದುವ ಹಂಬಲಕ್ಕೆ ಕೊರತೆಯಿಲ್ಲ. ತೊಂದರೆ ಓದುವ ಕ್ರಮದಲ್ಲಿದೆ. ಕೂಟದಲ್ಲಿ ಗುಂಡಗೆ ಕುಳಿತು ಒಬ್ಬೊಬ್ಬರು ಒಂದೊಂದು ವಚನ ಓದುತ್ತಾರೆ. ಎಲ್ಲರಿಗೂ ಅವಕಾಶ ಸಿಗುತ್ತದೆ ನಿಜ, ಆದರೆ ಪತ್ರವಿರಲಿ, ಹಾಡಿರಲಿ, ಕಾನೂನಿರಲಿ, ಎಲ್ಲವೂ ಒಂದೇ ಅಳತೆಯ ತುಂಡುಗಳಾಗಿ ಕಿವಿಗೆ ಬೀಳುತ್ತವೆ. ವಚನದ ಅಂಕಿಗಳನ್ನು ಬರೆದವರು ಹಾಕಿದ್ದಲ್ಲ. ಈಗ ಬಳಕೆಯಲ್ಲಿರುವ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಗೆ ವಚನದ ಅಂಕಿ ಬಂದದ್ದು 1551ರಲ್ಲಿ, ಮುದ್ರಕ ರೊಬೆರ್ ಎಸ್ತಿಯೆನ್ ಕೈಯಿಂದ. ಜಾಗ ಹುಡುಕಲು ಅವು ಬೇಕು, ಅರ್ಥ ಕತ್ತರಿಸಲು ಬೇಡ. ಮಾತಾಡುವವರು ಬದಲಾದಾಗ ಓದುವವರನ್ನೂ ಬದಲಿಸಿ. ಕಥೆಯಲ್ಲಿ ನಿರೂಪಣೆಗೆ ಒಬ್ಬರು, ಪಾತ್ರಗಳಿಗೆ ಒಬ್ಬೊಬ್ಬರು. ಪತ್ರವನ್ನು ಒಬ್ಬರೇ ಓದಲಿ. ಇಷ್ಟರಿಂದಲೇ ಅರ್ಧ ಗೊಂದಲ ಹೋಗುತ್ತದೆ.

ಕಾನೂನಿನ ಭಾಗದಲ್ಲಿ ಎರಡು ಧಾಟಿಗಳಿವೆ. ವಿಮೋಚನಕಾಂಡ 20ರ ಹತ್ತು ಆಜ್ಞೆಗಳು ಷರತ್ತಿಲ್ಲದೆ ಬರುತ್ತವೆ: ನರಹತ್ಯೆ ಮಾಡಬೇಡ, ಕದಿಯಬೇಡ. ಮುಂದಿನ ಅಧ್ಯಾಯಕ್ಕೆ ಬಂದರೆ "ಹೀಗಾದರೆ ಹೀಗೆ" ಎಂಬ ಧಾಟಿ. ಒಬ್ಬನ ಎತ್ತು ಹಾಯ್ದು ಮನುಷ್ಯ ಸತ್ತರೆ ಎತ್ತನ್ನು ಕೊಲ್ಲಬೇಕು, ಯಜಮಾನ ನಿರಪರಾಧಿ. ಆದರೆ ಅದು ಹಾಯುವ ಎತ್ತೆಂದು ಮೊದಲೇ ತಿಳಿಸಿದ್ದರೂ ಅವನು ಕಟ್ಟಿಹಾಕದೆ ಬಿಟ್ಟಿದ್ದರೆ ಅವನೂ ಹೊಣೆ (21:28-29). ಇದು ತೀರ್ಪಿನ ಮಾದರಿ. ಇಂಥದ್ದನ್ನು ಓದುವಾಗ ಎತ್ತನ್ನು ಬದಿಗಿಟ್ಟು, ಗೊತ್ತಿದ್ದೂ ಅಲಕ್ಷ್ಯ ಮಾಡಿದವನ ಹೊಣೆ ಎಷ್ಟು ಎಂದು ಕೇಳಬೇಕು.

ಧರ್ಮೋಪದೇಶಕಾಂಡ 22:8 ನಮ್ಮ ಕಡೆಯ ಮಂದಿಗೆ ವಿವರಣೆಯಿಲ್ಲದೆ ಅರ್ಥವಾಗುವ ಕಾನೂನು. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಕುಂಬಿ ಕಟ್ಟಿಸು, ಯಾರಾದರೂ ಬಿದ್ದು ಸತ್ತರೆ ಆ ರಕ್ತ ನಿನ್ನ ಮನೆಯ ಮೇಲೆ ಬರುತ್ತದೆ ಎನ್ನುತ್ತದೆ. ಗದಗ, ನರಗುಂದ, ನವಲಗುಂದದ ಹಳೆಯ ಮೇಲ್ಮುದ್ದೆ ಮನೆಗಳಂತೆ ಇಸ್ರಾಯೇಲರ ಮನೆಗಳೂ ಮಟ್ಟಸ ಮಾಳಿಗೆಯವು. ಮೇಲೆ ಕಾಳು ಒಣಹಾಕುತ್ತಿದ್ದರು, ಬೇಸಿಗೆಯಲ್ಲಿ ಮಲಗುತ್ತಿದ್ದರು. ಓಡುಗಳ ಇಳಿಜಾರು ಮನೆಯಲ್ಲಿರುವವರಿಗೆ ಈ ಕಾನೂನು ಅಕ್ಷರಶಃ ಹೊಂದುವುದಿಲ್ಲ. ಹಾಗೆಂದು ಅದು ಸತ್ತಿಲ್ಲ: ಮುಚ್ಚಳವಿಲ್ಲದ ಬೋರ್‌ವೆಲ್ ಗುಂಡಿ, ಬೇಲಿಯಿಲ್ಲದ ಕೃಷಿ ಹೊಂಡ ಅದರ ವ್ಯಾಪ್ತಿಗೆ ನೇರ ಬರುತ್ತವೆ. ಪೌಲನೂ ಹೀಗೆಯೇ ಓದಿದ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಎಂಬ ಕಾನೂನನ್ನು (ಧರ್ಮೋಪದೇಶಕಾಂಡ 25:4) 1 ಕೊರಿಂಥ 9ರಲ್ಲಿ ತೆಗೆದು, ದುಡಿದವನಿಗೆ ಪಾಲು ಸಿಗಬೇಕು ಎಂಬಲ್ಲಿಗೆ ತಂದು ನಿಲ್ಲಿಸುತ್ತಾನೆ.

ವಂಶಾವಳಿ ಬಂದರೆ ಜನ ಪುಟ ಹಾರಿಸುತ್ತಾರೆ. ಪೂರ್ವಕಾಲವೃತ್ತಾಂತದ ಮೊದಲ ಒಂಬತ್ತು ಅಧ್ಯಾಯ ಹೆಚ್ಚಾಗಿ ಹೆಸರೇ. ಆದರೆ ಹೆಳವರು ಎತ್ತಿನೊಂದಿಗೆ ಊರಿಗೆ ಬಂದು ಕಟ್ಟೆಯ ಮೇಲೆ ಕುಳಿತು ಮನೆತನದ ಹೆಸರುಗಳನ್ನು ಒಂದೊಂದಾಗಿ ಹೇಳುವುದನ್ನು ಕೇಳಿದವರಿಗೆ ಇದರ ಕೆಲಸ ಗೊತ್ತು. ಮೂಲ ಯಾವುದು, ಕವಲು ಎಲ್ಲಿ ಒಡೆಯಿತು, ಯಾರು ನಮ್ಮವರು ಎಂಬುದಕ್ಕೆ ಆ ಹೆಸರುಗಳೇ ದಾಖಲೆ. ಎಜ್ರ 2:61-63 ನೋಡಿ: ಬಾಬೆಲಿನಿಂದ ಮರಳಿದ ಮೂರು ಯಾಜಕ ಮನೆತನಗಳು ತಮ್ಮ ವಂಶಾವಳಿಯ ಪಟ್ಟಿ ಹುಡುಕಿದವು, ಸಿಗಲಿಲ್ಲ, ಯಾಜಕತ್ವದಿಂದ ಹೊರಗುಳಿದವು. ಹೆಸರಿನ ಪಟ್ಟಿಗೆ ಅಷ್ಟು ತೂಕ. ಆದ್ದರಿಂದ ಮತ್ತಾಯ ತನ್ನ ಸುವಾರ್ತೆಯನ್ನು ವಂಶಾವಳಿಯಿಂದ ಶುರು ಮಾಡಿದ್ದು ಹಕ್ಕಿನ ಮಾತು: ಯೇಸು ಅಬ್ರಹಾಮನ ಕುಲದವನು, ದಾವೀದನ ಕುಲದವನು. ಹದಿನಾಲ್ಕು ತಲೆಮಾರಿನ ಮೂರು ಕಂತುಗಳಾಗಿ ಅವನು ಅದನ್ನು ಜೋಡಿಸಿದ್ದಾನೆ. ತಂದೆಯರ ಆ ಸಾಲಿನಲ್ಲಿ ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿಯಾಗಿದ್ದವಳು ಹೀಗೆ ನಾಲ್ವರು ಹೆಂಗಸರನ್ನು ಬೇಕೆಂದೇ ನಿಲ್ಲಿಸಿದ್ದಾನೆ. ಪಟ್ಟಿಯಲ್ಲಿ ಕ್ರಮ ತಪ್ಪಿದ ಜಾಗವೇ ಬರೆದವನ ಬೆರಳಚ್ಚು. ಅಲ್ಲಿ ನಿಂತು ಓದಬೇಕು.

ಕಥಾಭಾಗಕ್ಕೆ ಒಂದೇ ಎಚ್ಚರ ಸಾಕು: ನಡೆದದ್ದನ್ನು ಹೇಳಿದ್ದಾರೆ, ಮಾಡು ಎಂದು ಹೇಳಿಲ್ಲ. ಗಿದ್ಯೋನ ಕಣದಲ್ಲಿ ಕುರಿಯ ತುಪ್ಪಟ ಹಾಸಿ ಮಂಜಿನ ಗುರುತು ಕೇಳಿದ (ನ್ಯಾಯಸ್ಥಾಪಕರು 6). ಅದನ್ನು ಮಾದರಿ ಮಾಡಿಕೊಂಡು ಮದುವೆ ಸಂಬಂಧಕ್ಕೆ, ಕೆಲಸ ಬಿಡುವುದಕ್ಕೆ ಗುರುತು ಒಡ್ಡಿ ಕೂರುವವರಿದ್ದಾರೆ. ಕಥೆಯಲ್ಲಿ ಗಿದ್ಯೋನನು ಏನು ಮಾಡಬೇಕೆಂದು ದೇವರು ಅವನಿಗೆ ಮೊದಲೇ ಸ್ಪಷ್ಟವಾಗಿ ಹೇಳಿಯಾಗಿತ್ತು. ಗುರುತು ಅವನ ಅಂಜಿಕೆಯ ಲಕ್ಷಣ. ಐದು ಅಧ್ಯಾಯ ಮುಂದೆ ಯೆಫ್ತಾಹನು ಹರಕೆ ಹೊತ್ತು ಮಗಳನ್ನೇ ಕಳೆದುಕೊಳ್ಳುತ್ತಾನೆ. ಲೇಖಕ ಅಲ್ಲಿ ಟೀಕೆ ಬರೆಯುವುದಿಲ್ಲ, ಪುಸ್ತಕದ ಕೊನೆಯ ವಾಕ್ಯದವರೆಗೆ ತಡೆದು, ಆ ಕಾಲದಲ್ಲಿ ಪ್ರತಿಯೊಬ್ಬನೂ ತನಗೆ ಸರಿಕಂಡಂತೆ ನಡೆಯುತ್ತಿದ್ದ ಎಂದು ಮುಗಿಸುತ್ತಾನೆ.

ಪದ್ಯ ಮತ್ತು ಗದ್ಯದ ವ್ಯತ್ಯಾಸ ತೋರಿಸಲು ನ್ಯಾಯಸ್ಥಾಪಕರು 4 ಮತ್ತು 5ಕ್ಕಿಂತ ಒಳ್ಳೆಯ ಪಾಠವಿಲ್ಲ. ಒಂದೇ ಘಟನೆ ಎರಡು ಸಲ ಬರುತ್ತದೆ. ನಾಲ್ಕನೇ ಅಧ್ಯಾಯ ವರದಿ: ಸೀಸೆರನಿಗೆ 900 ಕಬ್ಬಿಣದ ರಥ, ಬಾರಾಕನ ಕಡೆ ಹತ್ತು ಸಾವಿರ ಮಂದಿ, ಸೋತ ಸೀಸೆರ ಯಾಯೇಲಳ ಡೇರೆಗೆ ಓಡಿ ಬಂದ, ನೀರು ಕೇಳಿದ, ಅವಳು ಹಾಲು ಕೊಟ್ಟು ಹೊದಿಸಿದಳು, ದಣಿದು ನಿದ್ದೆಹೋದ, ಡೇರೆಯ ಗೂಟವನ್ನು ಕಣತಲೆಗೆ ಹೊಡೆದಳು. ಐದನೇ ಅಧ್ಯಾಯ ದೆಬೋರಳ ಹಾಡು. ಅಲ್ಲಿ ನಕ್ಷತ್ರಗಳು ಆಕಾಶದಿಂದ ಯುದ್ಧ ಮಾಡುತ್ತವೆ, ಕೀಷೋನ್ ಹೊಳೆ ವೈರಿಗಳನ್ನು ಕೊಚ್ಚಿ ಒಯ್ಯುತ್ತದೆ. ನಿದ್ದೆಯ ಮಾತೇ ಇಲ್ಲ. ಅವಳ ಕಾಲಬಳಿ ಕುಸಿದ, ಬಿದ್ದ, ಒರಗಿದ ಎಂದು ಬಿದ್ದದ್ದನ್ನೇ ಮತ್ತೆ ಮತ್ತೆ ಹೇಳಿ ಹಾಡು ಅವನನ್ನು ನಿಧಾನವಾಗಿ ಬೀಳಿಸುತ್ತದೆ. ಆಮೇಲೆ ವರದಿಯಲ್ಲಿ ಇಲ್ಲವೇ ಇಲ್ಲದ ಒಬ್ಬಳು ಬರುತ್ತಾಳೆ, ಸೀಸೆರನ ತಾಯಿ, ಕಿಟಕಿಯಲ್ಲಿ ನಿಂತು ಮಗನ ರಥ ಯಾಕೆ ತಡವಾಯಿತು ಎನ್ನುತ್ತ. ಎರಡನ್ನೂ ಪಕ್ಕಪಕ್ಕ ಓದಿಸಿ. ಮಲಗಿದ್ದನೋ ನಿಂತಿದ್ದನೋ ಎಂದು ಜಗಳ ಹಚ್ಚಿದರೆ ಹಾಡು ಕೈತಪ್ಪುತ್ತದೆ. ಆಕಾಶದ ನಕ್ಷತ್ರಗಳನ್ನು ಹಾಡಿನಲ್ಲಿ ಹೇಗೆ ತೆಗೆದುಕೊಳ್ಳಬೇಕೆಂದು ಕೂಟದವರೇ ಹೇಳುತ್ತಾರೆ.

ಇಬ್ರಿಯ ಪದ್ಯದ ಮೂಲ ಲಕ್ಷಣ ಜೋಡಿಸಾಲು. ಒಂದು ಸಾಲು ಹೇಳಿದ್ದನ್ನು ಇನ್ನೊಂದು ಸಾಲು ಬೇರೆ ಮಾತಿನಲ್ಲಿ ಮತ್ತೆ ಹೇಳುತ್ತದೆ, ಇಲ್ಲವೆ ತಿರುಗಿಸಿ ಹೇಳುತ್ತದೆ, ಇಲ್ಲವೆ ಮುಂದಕ್ಕೆ ಒಯ್ಯುತ್ತದೆ. ಎರಡು ಸಾಲಿನಿಂದ ಎರಡು ಸಿದ್ಧಾಂತ ತೆಗೆಯುವುದು ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಸಾಲುಗಳನ್ನು ಪದ್ಯದಂತೆ ಒಡೆದು ಅಚ್ಚು ಹಾಕಿದ ಪ್ರತಿ ಸಿಕ್ಕರೆ ಅದನ್ನೇ ಬಳಸಿ; ಸಿಗದಿದ್ದರೆ ಕೀರ್ತನೆಯನ್ನು ಹಲಗೆಯ ಮೇಲೆ ಜೋಡಿಜೋಡಿಯಾಗಿ ಬರೆಯಿರಿ.

ಕೀರ್ತನೆಗಳು 150, ಐದು ಭಾಗಗಳಲ್ಲಿ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಸ್ತುತಿಯದಲ್ಲ, ಮೊರೆಯದು. ಕೀರ್ತನೆ 13 ತೆಗೆಯಿರಿ, ಆರೇ ವಚನ. ಮೊದಲೆರಡರಲ್ಲಿ "ಎಲ್ಲಿಯವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ: ಎಲ್ಲಿಯವರೆಗೆ ಮರೆತಿರುವೆ, ಎಲ್ಲಿಯವರೆಗೆ ಮುಖ ಮರೆಮಾಡುವೆ. ಮುಂದಿನ ಎರಡರಲ್ಲಿ ಬೇಡಿಕೆ, ಜೊತೆಗೆ ಕಾರಣ: ನೀನು ನೋಡದಿದ್ದರೆ ಸಾಯುತ್ತೇನೆ, ವೈರಿ ಗೆದ್ದೆ ಅನ್ನುತ್ತಾನೆ. ಐದರಲ್ಲಿ ಭರವಸೆ, ಆರರಲ್ಲಿ ಹಾಡುತ್ತೇನೆ ಎಂಬ ಮಾತು. ದೂರು, ಬೇಡಿಕೆ, ಭರವಸೆ, ಸ್ತುತಿಯ ಮಾತು, ಇದೇ ಮೊರೆಯ ಅಸ್ಥಿಪಂಜರ. ಹತ್ತಾರು ಕೀರ್ತನೆಗಳಲ್ಲಿ ಇದನ್ನು ಹಿಡಿದು ತೋರಿಸಬಹುದು. ಕೀರ್ತನೆ 88ರಲ್ಲಿ ಮಾತ್ರ ಕೊನೆಯ ತಿರುವು ಬರುವುದೇ ಇಲ್ಲ, ಅದು ಕತ್ತಲಲ್ಲಿ ಮುಗಿಯುತ್ತದೆ. ಸಾವಿನ ಮನೆಗೆ ಪ್ರಾರ್ಥನೆಗೆ ಹೋದಾಗ ಒಮ್ಮೆಲೇ ಸ್ತುತಿಯ ಕೀರ್ತನೆ ತೆಗೆದು ಮನೆಯವರನ್ನು ಬಲವಂತವಾಗಿ ಸಂತೋಷಕ್ಕೆ ಎಳೆಯುವವರು ಈ ವಿಂಗಡಣೆಯನ್ನು ತಿಳಿದಿರಲೇಬೇಕು. ಅಳುವವರಿಗೆಂದೇ ಇಷ್ಟು ಹಾಡು ಇಟ್ಟಿರುವ ಪುಸ್ತಕವನ್ನು ಅಳು ನಿಲ್ಲಿಸಲು ಬಳಸುವುದು ಕ್ರೌರ್ಯ. ಯೇಸು ಶಿಲುಬೆಯ ಮೇಲೆ ಕೂಗಿದ್ದು ಕೀರ್ತನೆ 22ರ ಮೊದಲ ಸಾಲನ್ನು; ಅದೂ ಮೊರೆಯೇ.

ಪ್ರಲಾಪಗಳ ಪುಸ್ತಕ ಯೆರೂಸಲೇಮಿನ ನಾಶಕ್ಕೆ ಅತ್ತದ್ದು. ಮೊದಲ ನಾಲ್ಕು ಅಧ್ಯಾಯ ಇಬ್ರಿಯ ಭಾಷೆಯ 22 ಅಕ್ಷರಗಳ ಕ್ರಮದಲ್ಲಿ ಕಟ್ಟಿದ ಪದ್ಯಗಳು. ಮೂರನೆಯದರಲ್ಲಿ ಪ್ರತಿ ಅಕ್ಷರಕ್ಕೆ ಮೂರರಂತೆ 66 ವಚನ. ಐದನೆಯದರಲ್ಲಿ 22 ವಚನ ಇವೆ, ಅಕ್ಷರಕ್ರಮ ಇಲ್ಲ. ಮೂರನೇ ಅಧ್ಯಾಯದ ನಡುವಿನ ಭರವಸೆಯ ನಾಲ್ಕು ಸಾಲು ಮಾತ್ರ ಓದಿ ಉಳಿದ ಅಳುವನ್ನು ಬಿಡುವುದು ರೂಢಿಯಾಗಿದೆ. ಪೂರ್ತಿ ಓದಲು ಅರ್ಧ ಗಂಟೆ ಸಾಕು.

ಜ್ಞಾನೋಕ್ತಿ ಅಂದರೆ ಗಾದೆ. ಸಾಮಾನ್ಯವಾಗಿ ಹೀಗಾಗುತ್ತದೆ ಎಂದು ಹೇಳುತ್ತದೆ, ಕರಾರುಪತ್ರ ಬರೆದುಕೊಡುವುದಿಲ್ಲ. ಅದಕ್ಕೆ ಜ್ಞಾನೋಕ್ತಿಗಳ ಪುಸ್ತಕವೇ ಸಾಕ್ಷಿ: 26:4 ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ, 26:5 ಕೊಡು ಎನ್ನುತ್ತದೆ. ಯಾವ ಹೊತ್ತಿಗೆ ಯಾವುದು ಎಂದು ತಿಳಿಯುವುದೇ ಜ್ಞಾನ. 10:4 ಕೈಚುರುಕಿನವನು ಐಶ್ವರ್ಯವಂತನಾಗುತ್ತಾನೆ ಅಂದರೆ, 13:23 ಬಡವನ ಹೊಲ ಚೆನ್ನಾಗಿ ಬೆಳೆದರೂ ಅನ್ಯಾಯ ಅದನ್ನು ಬಳಿದುಕೊಂಡು ಹೋಗುತ್ತದೆ ಅನ್ನುತ್ತದೆ. ಮೊದಲನೆಯದನ್ನೇ ಹಿಡಿದು, ಬೆಲೆ ಬಿದ್ದು ಸಾಲದಲ್ಲಿರುವ ರೈತನಿಗೆ ನೀನು ಮೈಗಳ್ಳ ಎನ್ನುವ ಪ್ರಸಂಗ ಎರಡನೆಯದನ್ನು ಓದಿಯೇ ಇಲ್ಲ. 22:6 ಇನ್ನೂ ಹೆಚ್ಚು ಗಾಯ ಮಾಡಿದೆ. ಹುಡುಗನಿಗೆ ನಡೆಯಬೇಕಾದ ದಾರಿ ಕಲಿಸು, ಮುಪ್ಪಿನಲ್ಲೂ ಬಿಡಲಾರನು ಎಂಬುದನ್ನು ಖಾತ್ರಿಯೆಂದು ಹೇಳಿದರೆ, ಮಗ ಕುಡಿತಕ್ಕೆ ಬಿದ್ದ ಮನೆಯ ತಾಯಿ ತನ್ನ ಪ್ರಾರ್ಥನೆಯಲ್ಲೇ ಕೊರತೆಯೆಂದು ಕೊರಗುತ್ತಾಳೆ. ಅದೇ ಪುಸ್ತಕದ 15:5ರಲ್ಲಿ ತಂದೆಯ ಶಿಕ್ಷಣವನ್ನು ತಿರಸ್ಕರಿಸುವ ಮಗನೂ ಇದ್ದಾನೆ. ಆ ತಾಯಿಗೆ ಅದನ್ನೂ ತೋರಿಸಬೇಕು.

ಪ್ರವಾದಿಗಳೆಂದರೆ ಭವಿಷ್ಯ ಹೇಳುವವರು ಎಂಬ ಎಣಿಕೆ ಬಿಡದೆ ಆ ಪುಸ್ತಕಗಳು ತೆರೆದುಕೊಳ್ಳುವುದಿಲ್ಲ. "ಯೆಹೋವನು ಹೀಗನ್ನುತ್ತಾನೆ" ಎಂಬುದು ಅರಸನ ದೂತ ಸುದ್ದಿ ತಂದಾಗ ಬಳಸುವ ಧಾಟಿ. ಹೆಚ್ಚಿನ ಮಾತು ಎದುರಿಗೆ ನಿಂತ ಜನಕ್ಕೆ, ಅವರ ತಕ್ಕಡಿ, ಅವರ ನ್ಯಾಯಸ್ಥಾನ, ಅವರ ಆರಾಧನೆಯ ಬಗ್ಗೆ. ಆಮೋಸನ ಮೊದಲೆರಡು ಅಧ್ಯಾಯದಲ್ಲಿ ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್ ಎಂದು ಸುತ್ತಲಿನವರ ಅಪರಾಧಗಳು ಒಂದೇ ಪಲ್ಲವಿಯಲ್ಲಿ ಬರುತ್ತವೆ. ಕೇಳುವ ಉತ್ತರ ರಾಜ್ಯದವರು ತಲೆದೂಗುತ್ತಿರುವಾಗ ಏಳನೆಯದು ಯೆಹೂದ, ಎಂಟನೆಯದು ಅವರದೇ ಇಸ್ರಾಯೇಲ್. ಇದನ್ನು ನಿಲ್ಲಿಸದೆ, ಒಬ್ಬರೇ ಗಟ್ಟಿಯಾಗಿ ಓದಬೇಕು. ಮಧ್ಯೆ ವ್ಯಾಖ್ಯಾನ ಹಾಕಿದರೆ ಬಲೆ ಬಿಗಿಯುವುದು ಕೇಳಿಸುವುದಿಲ್ಲ.

ವಾಗ್ದಾನದ ಚೀಟಿಯ ಇನ್ನೊಂದು ಅಚ್ಚುಮೆಚ್ಚಿನ ವಚನ ಯೆರೆಮೀಯ 29:11, ನಿಮಗೆ ಒಳ್ಳೆಯ ಗತಿ ಬರಲಿ ಎಂಬುದೇ ನನ್ನ ಆಲೋಚನೆ ಎಂಬುದು. ಇದು ದೇವರ ಮಾತೇ, ಬಿಲ್ದದನದ್ದಲ್ಲ. ಆದರೆ ಇದು ಪತ್ರದ ಒಂದು ಸಾಲು, ವಿಳಾಸ ಬಾಬೆಲಿಗೆ ಸೆರೆಹೋದ ಇಡೀ ಜನ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿದ್ದ. ಯೆರೆಮೀಯನ ಪತ್ರ ಅದಕ್ಕೆ ಉತ್ತರ: ಮನೆ ಕಟ್ಟಿಕೊಳ್ಳಿರಿ, ತೋಟ ಹಾಕಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, 70 ವರ್ಷ ತುಂಬಬೇಕು. ಪತ್ರ ಕೇಳಿದ ಬೆಳೆದವರಲ್ಲಿ ಹೆಚ್ಚಿನವರು ಅಲ್ಲಿಯೇ ಮಣ್ಣಾಗುವವರು. ಹನ್ನೊಂದನೇ ವಚನವನ್ನು ಈ ವರ್ಷದ ಬಡ್ತಿಯ ಖಾತ್ರಿಯಾಗಿ ಹಂಚುವವರು ತಿಳಿಯದೆ ಹನನ್ಯನ ಕಡೆ ಸೇರುತ್ತಾರೆ. ಚೀಟಿ ಎತ್ತುವ ಪದ್ಧತಿ ಬಿಡಲಾಗದಿದ್ದರೆ ಚೀಟಿಯಲ್ಲಿ ಅಧ್ಯಾಯದ ಹೆಸರು, ಆಡಿದವರು, ಕೇಳಿದವರು ಇಷ್ಟನ್ನೂ ಅಚ್ಚು ಹಾಕಿಸಿ, ಮನೆಗೆ ಹೋಗಿ ಇಡೀ ಅಧ್ಯಾಯ ಓದಲು ಹೇಳಿ.

ಸುವಾರ್ತೆಗಳು ನಾಲ್ಕು. ಮಾರ್ಕನ 16 ಅಧ್ಯಾಯಗಳಲ್ಲಿ 11ರಿಂದ ಮುಂದಿನ ಆರೂ ಯೆರೂಸಲೇಮಿನ ಕೊನೆಯ ದಿನಗಳಿಗೇ ಮೀಸಲು. ಲೂಕ ತಾನು ಎಲ್ಲವನ್ನು ವಿಚಾರಿಸಿ ಕ್ರಮವಾಗಿ ಬರೆದೆ ಎಂದು ಥೆಯೊಫಿಲನಿಗೆ ಮೊದಲೇ ಹೇಳುತ್ತಾನೆ, ಅಪೊಸ್ತಲರ ಕೃತ್ಯಗಳು ಅದರ ಎರಡನೇ ಸಂಪುಟ. ಸುವಾರ್ತೆಗಳ ಒಳಗಿನ ಸಾಮ್ಯಗಳಲ್ಲಿ, ಅಂದರೆ ಯೇಸು ಹೇಳಿದ ಹೋಲಿಕೆಯ ಕಥೆಗಳಲ್ಲಿ, ಪ್ರತಿ ಪಾತ್ರಕ್ಕೂ ಒಂದು ಸಮಾನಾರ್ಥ ಹುಡುಕಬೇಡಿ. ಲೂಕ 18ರಲ್ಲಿ ವಿಧವೆಯ ಕಾಟ ತಾಳದೆ ನ್ಯಾಯ ತೀರಿಸುವ ಅನ್ಯಾಯಗಾರ ನ್ಯಾಯಾಧಿಪತಿ ದೇವರೆಂದು ಹಿಡಿದರೆ, ಪೀಡಿಸಿದರೆ ಮಾತ್ರ ದೇವರು ಕೇಳುತ್ತಾನೆ ಎಂದಾಗುತ್ತದೆ. ಯೇಸು ಹೇಳಿದ್ದು ತದ್ವಿರುದ್ಧ: ಇಂಥವನೇ ಕೇಳಿದ ಮೇಲೆ ದೇವರು ಕೇಳನೇ?

ಪತ್ರಗಳು 21. ಕಳಿಸಿದವರು, ಪಡೆದವರು, ವಂದನೆ, ದೇವರಿಗೆ ಸ್ತೋತ್ರ, ವಿಷಯ, ಕೊನೆಯ ವಂದನೆಗಳು, ಇದು ಆ ಕಾಲದ ಪತ್ರಕ್ಕೆ ಪೌಲನು ಕೊಟ್ಟ ರೂಪ. ಗಲಾತ್ಯದವರಿಗೆ ಬರೆದಾಗ ಸ್ತೋತ್ರದ ಜಾಗವನ್ನೇ ಬಿಟ್ಟು, ನೀವು ಇಷ್ಟು ಬೇಗ ತಿರುಗಿಬಿಟ್ಟಿರಲ್ಲಾ ಎಂದು ನೇರ ಹೊಡೆಯುತ್ತಾನೆ. ರೂಪ ಗೊತ್ತಿದ್ದವರಿಗೆ ಆ ಖಾಲಿ ಜಾಗದಲ್ಲೇ ಸಿಟ್ಟು ಕೇಳಿಸುತ್ತದೆ. ಪತ್ರವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದರು, ಇನ್ನೊಂದು ಊರಿಗೂ ಕಳಿಸುತ್ತಿದ್ದರು (ಕೊಲೊಸ್ಸೆ 4:16). ಫಿಲೆಮೋನನಿಗೆ ಬರೆದದ್ದು 25 ವಚನ, ಓದಲು ನಾಲ್ಕೈದು ನಿಮಿಷ. ಫಿಲಿಪ್ಪಿಯವರಿಗೆ ಬರೆದದ್ದನ್ನು ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಮುಗಿಸಬಹುದು. 1 ಕೊರಿಂಥದಲ್ಲಿ "ನೀವು ಬರೆದ ಸಂಗತಿಗಳ ವಿಷಯದಲ್ಲಿ" ಎಂದು 7:1ರಲ್ಲಿ ಬರುತ್ತದೆ. ಅಂದರೆ ನಮ್ಮ ಕೈಯಲ್ಲಿರುವುದು ಉತ್ತರ, ಪ್ರಶ್ನೆ ಕಳೆದುಹೋಗಿದೆ. ಅಲ್ಲಿಂದ ಮುಂದೆ ಪ್ರತಿ ಸೂಚನೆಗೂ ಯಾವ ಪ್ರಶ್ನೆಗೆ ಇದು ಉತ್ತರವಾಗಿರಬಹುದು ಎಂದು ಮೊದಲು ಕೇಳಿ.

ಉಳಿದದ್ದು ಪ್ರಕಟನೆ. ಅತಿ ಹೆಚ್ಚು ಭಯ ಹಬ್ಬಿಸಲು ಬಳಕೆಯಾಗುವ ಪುಸ್ತಕವೂ ಇದೇ. ಅದರ 13ನೇ ಅಧ್ಯಾಯದಲ್ಲಿ ಬರುವ ಮೃಗದ ಸಂಖ್ಯೆ 666 ಎಂದರೆ ಕಾರ್ಡು, ಲಸಿಕೆ, ಮೈಯೊಳಗಿನ ಚಿಪ್ ಎಂಬ ವಿಡಿಯೋಗಳು ವಾಟ್ಸಾಪಿನಲ್ಲಿ ತಿರುಗುತ್ತಲೇ ಇರುತ್ತವೆ. ಪ್ರಕಟನೆ ಮೊದಲಿಗೆ ಒಂದು ಪತ್ರ: ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ ಎಂಬ ಏಳು ಊರಿನ ಸಭೆಗಳಿಗೆ, ಈಗಿನ ಟರ್ಕಿಯ ಪಶ್ಚಿಮ ಭಾಗಕ್ಕೆ. ಆ ಊರಿನವರಿಗೆ ಏನೂ ಅರ್ಥವಾಗದ, 1900 ವರ್ಷದ ನಂತರದ ಯಂತ್ರಗಳ ಬಗ್ಗೆ ಬರೆದ ಪತ್ರವೆಂದು ಹಿಡಿಯುವುದು ಅವರಿಗೆ ಮಾಡುವ ಅವಮಾನ. ಎರಡನೆಯದಾಗಿ ಇದು ದರ್ಶನದ ಬರಹ. ಸಂಕೇತಗಳಲ್ಲಿ ಮಾತಾಡುತ್ತದೆ. ಬೆಡಗಿನ ವಚನ ಕೇಳಿ ಬೆಳೆದ ನಾಡಿಗೆ ಈ ರೀತಿ ಹೊಸದಲ್ಲ. ಅದನ್ನು ಸುದ್ದಿಯಂತೆ ಯಾರೂ ಓದುವುದಿಲ್ಲ.

ಬೀಗದ ಕೈಗಳಲ್ಲಿ ಕೆಲವನ್ನು ಪುಸ್ತಕವೇ ಕೊಡುತ್ತದೆ: ಏಳು ದೀಪಸ್ತಂಭಗಳು ಏಳು ಸಭೆಗಳು (1:20), ಏಳು ತಲೆ ಏಳು ಬೆಟ್ಟ (17:9). ಉಳಿದವು ಹಳೆಯ ಒಡಂಬಡಿಕೆಯಲ್ಲಿವೆ. ತುತೂರಿಗಳ ಜೊತೆ ಬರುವ ಆಲಿಕಲ್ಲು, ರಕ್ತ, ಕತ್ತಲೆ, ಮಿಡತೆ ಐಗುಪ್ತದ ಬಾಧೆಗಳು. 13ನೇ ಅಧ್ಯಾಯದ ಮೃಗ ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ, ಹತ್ತು ಕೊಂಬಿನದು. ದಾನಿಯೇಲ 7 ತೆರೆದರೆ ಸಿಂಹ, ಕರಡಿ, ಚಿರತೆ, ಹತ್ತು ಕೊಂಬಿನ ನಾಲ್ಕನೆಯದು ಬೇರೆಬೇರೆಯಾಗಿ ಸಮುದ್ರದಿಂದ ಏಳುತ್ತವೆ; ಅವು ನಾಲ್ವರು ಅರಸರು ಎಂದು ಅಲ್ಲಿಯೇ 17ನೇ ವಚನ ಹೇಳುತ್ತದೆ. ಪ್ರಕಟನೆಯನ್ನು ಬರೆದ ಯೋಹಾನನು ನಾಲ್ಕನ್ನೂ ಒಂದೇ ಮೈಯಲ್ಲಿ ಕೂಡಿಸಿದ್ದಾನೆ: ಜನರನ್ನು ತುಳಿಯುವ ಸಾಮ್ರಾಜ್ಯಗಳೆಲ್ಲ ಸೇರಿದ ಒಂದು ಸಾಮ್ರಾಜ್ಯ.

ಕಲಿಸುವ ಕ್ರಮ ಹೀಗಿಡಿ. ಮೊದಲ ಎರಡು ವಾರ 1ರಿಂದ 3ನೇ ಅಧ್ಯಾಯ, ಏಳು ಊರುಗಳನ್ನು ನಕ್ಷೆಯ ಮೇಲೆ ತೋರಿಸುತ್ತ. ಮೂರನೇ ವಾರ 4 ಮತ್ತು 5ನೇ ಅಧ್ಯಾಯಗಳಲ್ಲಿ ಬರುವ ಹಾಡುಗಳನ್ನೆಲ್ಲ ಎಲ್ಲರೂ ಕೂಡಿ ಗಟ್ಟಿಯಾಗಿ ಓದಲಿ. ದಾನಿಯೇಲ 7ನ್ನು ಪೂರ್ತಿ ಓದದೆ 13ಕ್ಕೆ ಕೈಹಾಕಬೇಡಿ. ಯಾರಾದರೂ ಮೊದಲ ದಿನವೇ 666 ಯಾರು ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಎಫೆಸದ ಸಭೆಗೆ ಬಂದ ಪತ್ರದಿಂದ ಓದು ಶುರು ಮಾಡಿ.